ಬಂದೂಕಿನ ಹಿಮ್ಮೆಟ್ಟುವಿಕೆ ಮತ್ತು ನಳಿಗೆಮಿಂಚು: ಆಯುಧ ಪರವಾನಗಿ ಅರ್ಜಿದಾರರಿಗೆ ಹಾಗೂ ಪರವಾನಗಿದಾರರಿಗೆ ಮಾಹಿತಿ

1. ಪೀಠಿಕೆ

ಬೆಳೆ ರಕ್ಷಣೆಗಾಗಿ, ಆತ್ಮರಕ್ಷಣೆಗಾಗಿ ಅಥವಾ ಗುರಿ ಹೊಡೆಯುವ ಕ್ರೀಡೆಗಾಗಿ ಬಂದೂಕಿನ ಪರವಾನಗಿ ಕೋರುವ ನಾಗರಿಕರು ಸಾಮಾನ್ಯವಾಗಿ ಎರಡು ವಿಷಯಗಳ ಬಗ್ಗೆ ವಿಚಾರಿಸುತ್ತಾರೆ. ಮೊದಲನೆಯದು, ಗುಂಡು ಹಾರಿದಾಗ ಕೋವಿಯು ಹೆಗಲಿಗೆ ಕೊಡುವ ಒದೆತವನ್ನು ತಗ್ಗಿಸುವುದು ಹೇಗೆ ಎಂಬುದು. ಎರಡನೆಯದು, ರಾತ್ರಿಯ ವೇಳೆ ನಳಿಗೆಯ ಬಾಯಲ್ಲಿ ಕಾಣುವ ಬೆಂಕಿಯನ್ನು ತಗ್ಗಿಸುವ ಸಾಧನಗಳನ್ನು ಅಳವಡಿಸಿಕೊಳ್ಳಬಹುದೇ ಎಂಬುದು. ಸೈನ್ಯದ ಸ್ವಯಂಚಾಲಿತ ಆಯುಧಗಳಿಗೆ ಅಳವಡಿಸಿರುವ ಇಂತಹ ಸಾಧನಗಳನ್ನು ಚಲನಚಿತ್ರಗಳಲ್ಲಿ ಮತ್ತು ಅಂತರಜಾಲದಲ್ಲಿ ಕಂಡವರು, ಅವು ಕೇವಲ ಬಿಡಿಭಾಗಗಳೆಂದು ಭಾವಿಸುವುದುಂಟು.

ಈ ಭಾವನೆ ಸರಿಯಲ್ಲ. ಭಾರತದ ಕಾನೂನಿನಲ್ಲಿ ಗುಂಡಿನ ಸದ್ದನ್ನು ಅಥವಾ ಮಿಂಚನ್ನು ತಗ್ಗಿಸಲೆಂದು ರಚಿಸಿದ ಉಪಕರಣವು ತಾನೇ ಒಂದು "ಬಂದೂಕು" ಎಂದು ಪರಿಗಣಿತವಾಗಿದೆ. ಬೇರೆ ಯಾವ ಆಯುಧವೂ ಕೈಯಲ್ಲಿಲ್ಲದಿದ್ದರೂ ಅದೊಂದನ್ನೇ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಹೆಗಲಿಗೆ ಬೀಳುವ ಪೆಟ್ಟನ್ನು ತಗ್ಗಿಸಿಕೊಳ್ಳಲು ಕಾನೂನುಬದ್ಧವಾದ, ಸುಲಭವಾದ ಮತ್ತು ಅಲ್ಪ ವೆಚ್ಚದ ಮಾರ್ಗಗಳು ಹಲವಿವೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಅದರ ಹಿಂದಿನ ವೈಜ್ಞಾನಿಕ ಕಾರಣಗಳ ಸಹಿತ ಸಾರ್ವಜನಿಕರಿಗೆ ತಿಳಿಯಪಡಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

2. ಈ ಪುಟದಲ್ಲಿ ಬಳಸಿರುವ ಪದಗಳು

ಹಿಮ್ಮೆಟ್ಟುವಿಕೆ: ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಚಲಿಸುವುದು. ಇದನ್ನು ರೀಕಾಯಿಲ್ ಎಂದೂ, ಆಡುಮಾತಿನಲ್ಲಿ ಕೋವಿಯ ಒದೆತ ಎಂದೂ ಕರೆಯಲಾಗುತ್ತದೆ.

ನಳಿಗೆಮಿಂಚು: ಗುಂಡಿನ ಹಿಂದೆಯೇ ನಳಿಗೆಯಿಂದ ಹೊರಬರುವ ಬಿಸಿ ಅನಿಲಗಳು ಬಾಯಿಯ ಬಳಿ ಬೆಳಗುವುದು ಅಥವಾ ಉರಿಯುವುದು.

ತೋಟಾ: ಮದ್ದು, ಕೇಪು ಮತ್ತು ಗುಂಡು ಅಥವಾ ಚರೆಗಳನ್ನು ಒಳಗೊಂಡ ಕಾರ್ಟ್ರಿಜ್.

ಕೇಪಿನ ಕೋವಿ: ನಳಿಗೆಯ ಬಾಯಿಯ ಮೂಲಕ ಮದ್ದು ಮತ್ತು ಚರೆಗಳನ್ನು ತುಂಬುವ ಬಂದೂಕು.

ಸ್ವಯಂಚಾಲಿತ ಬಂದೂಕು: ಟ್ರಿಗರನ್ನು ಒತ್ತಿ ಹಿಡಿದಷ್ಟು ಕಾಲ, ಅಥವಾ ಮ್ಯಾಗಜೀನ್ ಬರಿದಾಗುವವರೆಗೆ, ಒಂದರ ಹಿಂದೊಂದರಂತೆ ಗುಂಡು ಹಾರಿಸುವ ಬಂದೂಕು.

ಅರೆ-ಸ್ವಯಂಚಾಲಿತ ಬಂದೂಕು: ಮುಂದಿನ ತೋಟಾವನ್ನು ತಾನೇ ಸೇರಿಸಿಕೊಂಡರೂ, ಪ್ರತಿ ಗುಂಡಿಗೂ ಟ್ರಿಗರನ್ನು ಹೊಸದಾಗಿ ಒತ್ತಬೇಕಾದ ಬಂದೂಕು. ಜನರು "ಆಟೋಮ್ಯಾಟಿಕ್ ಪಿಸ್ತೂಲು" ಎಂದು ಕರೆಯುವ .32 ಬೋರ್ ಪಿಸ್ತೂಲು ವಾಸ್ತವವಾಗಿ ಈ ವರ್ಗಕ್ಕೆ ಸೇರಿದ್ದು. ಅರ್ಜಿಯಲ್ಲಿ ಆಯುಧದ ವಿವರವನ್ನು ಬರೆಯುವಾಗ ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

3. ಹಿಮ್ಮೆಟ್ಟುವಿಕೆ ಉಂಟಾಗುವ ಬಗೆ

ನ್ಯೂಟನ್ನನ ಮೂರನೆಯ ನಿಯಮದಂತೆ ಪ್ರತಿ ಕ್ರಿಯೆಗೂ ಸಮನಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಮುಂದಕ್ಕೆ ಹೋಗುವ ಗುಂಡು ಮತ್ತು ಅನಿಲಗಳ ಸಂವೇಗ ಎಷ್ಟೋ, ಹಿಂದಕ್ಕೆ ಬರುವ ಬಂದೂಕಿನ ಸಂವೇಗವೂ ಅಷ್ಟೇ. ಬಂದೂಕು ಗುಂಡಿಗಿಂತ ಬಹಳ ಭಾರವಾಗಿರುವುದರಿಂದ ಅದರ ವೇಗ ಕಡಿಮೆಯಿರುತ್ತದೆ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹನ್ನೆರಡು ಬೋರಿನ ಕೋವಿಯಿಂದ 32 ಗ್ರಾಂ ಚರೆಗಳು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ, 3.2 ಕಿಲೋಗ್ರಾಂ ತೂಕದ ಕೋವಿಯು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದರ ಶಕ್ತಿ ಸುಮಾರು 25.6 ಜೌಲ್. ಅದೇ ಕೋವಿಯಲ್ಲಿ 28 ಗ್ರಾಂ ಚರೆಯ ತೋಟಾವನ್ನು ಅದೇ ವೇಗದಲ್ಲಿ ಹಾರಿಸಿದರೆ ಹಿಮ್ಮೆಟ್ಟುವ ಶಕ್ತಿ 19.6 ಜೌಲ್‌ಗೆ ಇಳಿಯುತ್ತದೆ. ಚರೆಯ ತೂಕ ಎಂಟನೇ ಒಂದು ಭಾಗದಷ್ಟು ಮಾತ್ರ ಕಡಿಮೆಯಾಯಿತು. ಒದೆತದ ಶಕ್ತಿಯಾದರೋ ಹೆಚ್ಚುಕಡಿಮೆ ಕಾಲು ಭಾಗ ತಗ್ಗಿತು. ಇನ್ನು .22 ಬೋರಿನ ರೈಫಲ್‌ನಲ್ಲಿ 2.6 ಗ್ರಾಂ ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹಾರಿದಾಗ, 3 ಕಿಲೋಗ್ರಾಂ ತೂಕದ ರೈಫಲ್ ಪಡೆಯುವ ಶಕ್ತಿ ಜೌಲ್‌ನ ಎಂಟನೇ ಒಂದು ಭಾಗದಷ್ಟು ಮಾತ್ರ. ಕ್ರೀಡಾಭ್ಯಾಸವನ್ನು ಹಗುರ ಬೋರಿನಿಂದ ಆರಂಭಿಸುವುದಕ್ಕೆ ಇದೂ ಒಂದು ಕಾರಣ.

ಮೇಲಿನ ಲೆಕ್ಕದಲ್ಲಿ ಮದ್ದಿನ ಅನಿಲಗಳ ಪಾಲನ್ನು ಸರಳತೆಗಾಗಿ ಬಿಡಲಾಗಿದೆ. ಆ ಪಾಲು ಎಲ್ಲ ಬಂದೂಕುಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಸೈನ್ಯದ 5.56 ಮಿ.ಮೀ. ತೋಟಾದಲ್ಲಿ ಸುಮಾರು 4 ಗ್ರಾಂ ಗುಂಡಿಗೆ ಸುಮಾರು 1.7 ಗ್ರಾಂ ಮದ್ದು ಇರುತ್ತದೆ. ಹನ್ನೆರಡು ಬೋರಿನ ತೋಟಾದಲ್ಲಿ ಸುಮಾರು 32 ಗ್ರಾಂ ಚರೆಗೆ ಮದ್ದು 1.5 ಗ್ರಾಂನ ಆಸುಪಾಸಿನಲ್ಲಿರುತ್ತದೆ. ಅಂದರೆ ಸೈನ್ಯದ ರೈಫಲ್‌ನಲ್ಲಿ ಅನಿಲದ ಪಾತ್ರ ದೊಡ್ಡದು, ನಾಗರಿಕರ ಕೋವಿಯಲ್ಲಿ ಚಿಕ್ಕದು. ಈ ವ್ಯತ್ಯಾಸದ ಮಹತ್ವವು ಮುಂದೆ ಸ್ಪಷ್ಟವಾಗುತ್ತದೆ.

4. ಸ್ವಯಂಚಾಲಿತ ಆಯುಧಗಳ ವಿಶೇಷ ಸಮಸ್ಯೆ

ಒಂದೊಂದೇ ಗುಂಡು ಹಾರಿಸುವಾಗ, ಒದೆತದ ನಂತರ ಕೋವಿಯನ್ನು ಮತ್ತೆ ಗುರಿಗೆ ತರಲು ವ್ಯಕ್ತಿಗೆ ಸಮಯವಿರುತ್ತದೆ. ಸ್ವಯಂಚಾಲಿತ ಆಯುಧದಲ್ಲಿ ಈ ಸಮಯವಿಲ್ಲ. ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುವ ಎಕೆ-47 ಮಾದರಿಯಲ್ಲಿ ಎರಡು ಗುಂಡುಗಳ ನಡುವಿನ ಅಂತರ ಸೆಕೆಂಡಿನ ಹತ್ತನೇ ಒಂದು ಭಾಗ. ಅದರ ಗುಂಡಿನ ತೂಕ ಸುಮಾರು 7.9 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 715 ಮೀಟರ್. ಹೀಗೆ ಸೆಕೆಂಡಿಗೆ ಹತ್ತು ಗುಂಡುಗಳು ಹಾರಿದರೆ, ಅನಿಲಗಳನ್ನು ಬಿಟ್ಟು ಗುಂಡುಗಳಿಂದಲೇ ಹೆಗಲಿನ ಮೇಲೆ ಬೀಳುವ ಸರಾಸರಿ ಬಲ ಸುಮಾರು 56 ನ್ಯೂಟನ್, ಅಂದರೆ ಐದೂಮುಕ್ಕಾಲು ಕಿಲೋಗ್ರಾಂ ಭಾರ ಒತ್ತಿದಂತೆ.

ಈ ಬಲವು ನಳಿಗೆಯ ನೇರದಲ್ಲಿ ಹಿಂದಕ್ಕೆ ಬರುತ್ತದೆ. ಕೋವಿಯ ಬಟ್ ಹೆಗಲಿಗೆ ತಾಗುವ ಜಾಗವು ಸಾಮಾನ್ಯವಾಗಿ ನಳಿಗೆಯ ನೇರಕ್ಕಿಂತ ಕೆಳಗಿರುವುದರಿಂದ ಆಯುಧವು ತಿರುಗಿ ಬಾಯಿ ಮೇಲಕ್ಕೇಳುತ್ತದೆ. ಮೊದಲ ಗುಂಡು ಗುರಿಗೆ ಬಿದ್ದರೂ ನಂತರದವು ಗುರಿಯ ಮೇಲಿಂದ ಹಾದು ಎಲ್ಲಿ ಬೀಳುತ್ತವೆಂಬುದು ಹಾರಿಸಿದವನಿಗೇ ತಿಳಿಯದಂತಾಗುತ್ತದೆ. ತರಬೇತಿ ಪಡೆದ ಸೈನಿಕರೂ ಈ ಕಾರಣದಿಂದ ಎರಡು ಮೂರು ಗುಂಡುಗಳ ಸಣ್ಣ ಸರಣಿಗಳಲ್ಲಿ ಮಾತ್ರ ಹಾರಿಸುತ್ತಾರೆ.

5. ಸೈನ್ಯದ ಆಯುಧಗಳಲ್ಲಿ ಹಿಮ್ಮೆಟ್ಟುವಿಕೆಯನ್ನು ತಗ್ಗಿಸಿದ ಬಗೆ

ಹಿಮ್ಮೆಟ್ಟುವಿಕೆಯು ತೊಂದರೆ ಮಾತ್ರವಲ್ಲ, ಅದೊಂದು ಶಕ್ತಿಯೂ ಹೌದು. ಹೈರಮ್ ಮ್ಯಾಕ್ಸಿಮ್ 1884ರಲ್ಲಿ ರೂಪಿಸಿದ ಮೆಷಿನ್ ಗನ್ ಇದೇ ಶಕ್ತಿಯಿಂದ ಖಾಲಿ ತೋಟಾವನ್ನು ಹೊರಹಾಕಿ ಮುಂದಿನದನ್ನು ಸೇರಿಸಿಕೊಳ್ಳುತ್ತಿತ್ತು. ಆ ಭಾರವಾದ ಆಯುಧವನ್ನು ನೆಲದ ಮೇಲೆ ಆಧಾರದಲ್ಲಿ ನಿಲ್ಲಿಸಲಾಗುತ್ತಿದ್ದುದರಿಂದ ಒದೆತವು ಮನುಷ್ಯನ ಮೈಮೇಲೆ ಬೀಳುತ್ತಿರಲಿಲ್ಲ. ಸ್ವಯಂಚಾಲಿತ ಆಯುಧವು ಒಬ್ಬನೇ ಸೈನಿಕನ ಕೈಗೆ ಬಂದಾಗ ಸಮಸ್ಯೆ ತೀವ್ರವಾಯಿತು. ಅಂದಿನಿಂದ ಅನುಸರಿಸಲಾದ ಮಾರ್ಗಗಳನ್ನು ಹೀಗೆ ವಿಂಗಡಿಸಬಹುದು.

(ಅ) ಸಣ್ಣ ತೋಟಾ. 7.62 ಮಿ.ಮೀ. ನೇಟೋ ತೋಟಾದ 9.5 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 830 ಮೀಟರ್ ವೇಗದಲ್ಲಿ ಹೋಗುತ್ತದೆ, 5.56 ಮಿ.ಮೀ. ತೋಟಾದ 4 ಗ್ರಾಂ ಗುಂಡು ಸುಮಾರು 900 ಮೀಟರ್ ವೇಗದಲ್ಲಿ. ಎರಡನೆಯದರ ಸಂವೇಗ ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಬೆಲ್ಜಿಯಂ ಮೂಲದ ಎಫ್‌ಎಎಲ್ ರೈಫಲ್ 7.62 ಮಿ.ಮೀ. ತೋಟಾದೊಂದಿಗೆ ಸ್ವಯಂಚಾಲಿತವಾಗಿ ಹಾರಿದಾಗ ಹತೋಟಿಗೆ ಬರುವುದು ಕಷ್ಟವಾಗಿತ್ತು. ಅದರ ಬ್ರಿಟಿಷ್ ರೂಪವಾದ ಎಸ್‌ಎಲ್‌ಆರ್ ಅನ್ನು ಒಂದೊಂದೇ ಗುಂಡಿಗೆ ಸೀಮಿತಗೊಳಿಸಲಾಯಿತು.

(ಆ) ಗುಂಡುಗಳ ಸಂಖ್ಯೆಗೆ ಮಿತಿ. ಪುಣೆಯ ಆಯುಧ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯು ವಿನ್ಯಾಸಗೊಳಿಸಿದ 5.56 ಮಿ.ಮೀ. ಇನ್ಸಾಸ್ ರೈಫಲ್‌ನಲ್ಲಿ ಒಂದು ಬಾರಿಗೆ ಮೂರು ಗುಂಡು ಹಾರಿ ನಿಲ್ಲುವ ವ್ಯವಸ್ಥೆಯಿದೆ. ರಷ್ಯಾದ ಎಎನ್-94 ರೈಫಲ್ ನಿಮಿಷಕ್ಕೆ 1800ರ ದರದಲ್ಲಿ ಎರಡು ಗುಂಡು ಹಾರಿಸುತ್ತದೆ. ಒದೆತವು ಹೆಗಲನ್ನು ತಲುಪುವ ಮುನ್ನವೇ ಎರಡನೆಯ ಗುಂಡು ನಳಿಗೆಯನ್ನು ಬಿಟ್ಟಿರುತ್ತದೆ.

(ಇ) ನೇರ ರಚನೆ. ಬಟ್ ಅನ್ನು ನಳಿಗೆಯ ನೇರಕ್ಕೆ ಇರಿಸಿದರೆ ಬಾಯಿ ಮೇಲಕ್ಕೇಳುವುದು ಕಡಿಮೆಯಾಗುತ್ತದೆ. ಅಮೆರಿಕದ ಎಂ16 ರೈಫಲ್ ಇದಕ್ಕೆ ಉದಾಹರಣೆ.

(ಈ) ಆಘಾತವನ್ನು ಹರಡುವುದು. ಸಿಂಗಪುರದ ಅಲ್ಟಿಮ್ಯಾಕ್ಸ್ 100 ಹಗುರ ಮೆಷಿನ್ ಗನ್‌ನಲ್ಲಿ ಹಿಂದಕ್ಕೆ ಬರುವ ಭಾಗವು ಹಿಂಬದಿಗೆ ಬಡಿಯದೆ ಸ್ಪ್ರಿಂಗಿನ ಮೇಲೆ ದೀರ್ಘವಾಗಿ ಚಲಿಸಿ ನಿಲ್ಲುತ್ತದೆ. ಒಟ್ಟು ಸಂವೇಗ ಬದಲಾಗುವುದಿಲ್ಲ. ಬಡಿತದ ಬದಲು ಒಂದೇ ಸಮನಾದ ತಳ್ಳುವಿಕೆಯಾಗಿ ಅದು ಹೆಗಲಿಗೆ ಬರುತ್ತದೆ.

(ಉ) ಬಾಯಿಯ ಬ್ರೇಕು ಮತ್ತು ಕಾಂಪೆನ್ಸೇಟರ್. ಹೊರಬರುವ ಅನಿಲವನ್ನು ಪಕ್ಕಕ್ಕೆ ಅಥವಾ ಹಿಂದಕ್ಕೆ ತಿರುಗಿಸಿದರೆ ಒದೆತ ತಗ್ಗುತ್ತದೆ; ಮೇಲಕ್ಕೆ ತಿರುಗಿಸಿದರೆ ಬಾಯಿ ಏಳುವುದು ತಗ್ಗುತ್ತದೆ. 1920ರ ದಶಕದಲ್ಲಿ ಥಾಮ್ಸನ್ ಸಬ್‌ಮೆಷಿನ್ ಗನ್‌ಗೆ ಅಳವಡಿಸಿದ ಕಟ್ಸ್ ಕಾಂಪೆನ್ಸೇಟರ್, 1959ರ ಎಕೆಎಂ ರೈಫಲ್‌ನ ಓರೆಯಾದ ಬಾಯಿ ಮತ್ತು 1974ರ ಎಕೆ-74ರ ದೊಡ್ಡ ಬ್ರೇಕು ಈ ಬಗೆಯವು.

ಕೊನೆಯ ಬಗೆಯ ಸಾಧನವು ಅನಿಲದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಗುಂಡು ಅಥವಾ ಚರೆಯ ಮೇಲೆ ಅಲ್ಲ. ಮದ್ದಿನ ಪ್ರಮಾಣ ಹೆಚ್ಚಿರುವ ಸೈನ್ಯದ ರೈಫಲ್‌ನಲ್ಲಿ ಅದರ ಪ್ರಯೋಜನ ಎದ್ದು ಕಾಣುವುದು ಇದರಿಂದಲೇ. ಚರೆಯ ತೂಕವೇ ಪ್ರಧಾನವಾಗಿರುವ ಹನ್ನೆರಡು ಬೋರಿನ ಕೋವಿಯಲ್ಲಿ ಅದು ಕಡಿಮೆ ಮಾಡಬಹುದಾದ ಒದೆತ ಅಲ್ಪವೇ ಸರಿ.

6. ನಳಿಗೆಮಿಂಚು ಉಂಟಾಗುವ ಬಗೆ

ಮದ್ದು ಉರಿದಾಗ ಹುಟ್ಟುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕದಂತಹ, ಇನ್ನೂ ಉರಿಯಬಲ್ಲ ಅಂಶಗಳಿರುತ್ತವೆ. ನಳಿಗೆಯೊಳಗೆ ಸಾಕಷ್ಟು ಆಮ್ಲಜನಕ ಸಿಗದ ಇವು ಹೊರಬಂದೊಡನೆ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಹೊತ್ತಿಕೊಳ್ಳುತ್ತವೆ. ಮಿಂಚಿನಲ್ಲಿ ಮೂರು ಹಂತಗಳನ್ನು ಗುರುತಿಸಲಾಗಿದೆ: ಬಾಯಿಯಲ್ಲೇ ಬಿಸಿ ಅನಿಲ ಬೆಳಗುವ ಮೊದಲ ಹಂತ, ಅಲ್ಪ ದೂರದಲ್ಲಿ ಆಘಾತ ತರಂಗದಿಂದ ಅನಿಲ ಮತ್ತೆ ಬಿಸಿಯಾಗಿ ಬೆಳಗುವ ನಡುವಿನ ಹಂತ, ಗಾಳಿಯೊಂದಿಗೆ ಬೆರೆತು ಉರಿಯುವ ಕೊನೆಯ ಹಂತ. ದೂರದಿಂದ ಕಾಣುವ ದೊಡ್ಡ ಬೆಂಕಿ ಈ ಕೊನೆಯ ಹಂತದ್ದು.

ನಳಿಗೆ ಗಿಡ್ಡವಾದಷ್ಟೂ ಅನಿಲವು ಹೆಚ್ಚು ಬಿಸಿಯಾಗಿ, ಹೆಚ್ಚು ಒತ್ತಡದಲ್ಲಿ ಹೊರಬರುತ್ತದೆ. ಮಿಂಚು ಮತ್ತು ಸದ್ದು ಎರಡೂ ಹೆಚ್ಚುತ್ತವೆ. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಲೀ-ಎನ್‌ಫೀಲ್ಡ್ ರೈಫಲನ್ನು ಗಿಡ್ಡಗೊಳಿಸಿ ಹಗುರಗೊಳಿಸಿ "ಜಂಗಲ್ ಕಾರ್ಬೈನ್" ಎಂಬ ರೂಪ ಕೊಟ್ಟಾಗ, ಮಿಂಚನ್ನು ತಗ್ಗಿಸಲು ಅದರ ಬಾಯಿಗೆ ಆಲಿಕೆಯ ಆಕಾರದ ಭಾಗವನ್ನು ಜೋಡಿಸಬೇಕಾಯಿತು. ಮಿಂಚಿನ ತೊಂದರೆಗೆ ಪರಿಹಾರ ದೊರೆಯಿತು; ಆದರೆ ತೂಕ ಇಳಿದುದರಿಂದ ಒದೆತ ಹೆಚ್ಚಾಗಿ ಆ ರೈಫಲ್ ಸೈನಿಕರಲ್ಲಿ ಅದಕ್ಕೇ ಹೆಸರಾಯಿತು.

ಮಿಂಚನ್ನು ತಗ್ಗಿಸುವ ಉಪಕರಣಗಳು ಅನಿಲವನ್ನು ಚದುರಿಸಿ, ಅದು ಒಟ್ಟಾಗಿ ಹೊತ್ತಿಕೊಳ್ಳದಂತೆ ಮಾಡುತ್ತವೆ. ಎಂ16 ರೈಫಲ್‌ನ ಮೊದಲ ರೂಪಗಳಲ್ಲಿ ಮೂರು ಮೊನೆಗಳ ಉಪಕರಣವಿತ್ತು. ಅದು ಗಿಡಬಳ್ಳಿಗಳಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಮುಂದೆ ತುದಿ ಮುಚ್ಚಿದ ಪಂಜರದಾಕಾರದ ಉಪಕರಣ ಬಂದಿತು. ಇದಲ್ಲದೆ ಕಾರ್ಖಾನೆಯಲ್ಲಿ ಮದ್ದು ತಯಾರಿಸುವಾಗಲೇ ಪೊಟ್ಯಾಸಿಯಂ ಲವಣಗಳನ್ನು ಸೇರಿಸಿ ಮಿಂಚನ್ನು ತಗ್ಗಿಸುವ ಕ್ರಮವೂ ಇದೆ. ಅದರ ಬೆಲೆಯಾಗಿ ಹೊಗೆ ಹೆಚ್ಚುತ್ತದೆ.

ಇಂತಹ ಉಪಕರಣವು ಹಾರಿಸುವವನನ್ನು ಸಂಪೂರ್ಣವಾಗಿ ಮರೆಮಾಡುತ್ತದೆಂಬ ನಂಬಿಕೆ ತಪ್ಪು. ಅದರ ಮುಖ್ಯ ಪ್ರಯೋಜನ ಹಾರಿಸುವವನ ಕಣ್ಣಿಗೆ ಸಂಬಂಧಿಸಿದ್ದು. ಕತ್ತಲೆಗೆ ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಒಂದು ಪ್ರಖರ ಮಿಂಚಿನಿಂದ ಆ ಹೊಂದಾಣಿಕೆ ಕ್ಷಣದಲ್ಲಿ ಕೆಡುತ್ತದೆ.

7. ಒಂದು ತಗ್ಗಿದರೆ ಇನ್ನೊಂದು ಹೆಚ್ಚುತ್ತದೆ

ಮೇಲಿನ ಸಾಧನಗಳಲ್ಲಿ ಬೆಲೆ ತೆರದೆ ಬರುವ ಪ್ರಯೋಜನ ಯಾವುದೂ ಇಲ್ಲ. ಒದೆತ ತಗ್ಗಿಸುವ ಬ್ರೇಕು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವುದರಿಂದ ಹಾರಿಸುವವನಿಗೂ ಪಕ್ಕದಲ್ಲಿರುವವರಿಗೂ ಸದ್ದು ಹೆಚ್ಚಾಗಿ ಕೇಳಿಸುತ್ತದೆ; ಮಿಂಚೂ ಎದ್ದು ಕಾಣಬಹುದು. ಬಂದೂಕಿನ ಸದ್ದು ಸಾಮಾನ್ಯವಾಗಿಯೇ 140 ಡೆಸಿಬಲ್‌ಗಿಂತ ಹೆಚ್ಚಿದ್ದು, ಆ ಮಟ್ಟದ ಒಂದೇ ಸದ್ದಿನಿಂದಲೂ ಕಿವಿಗೆ ಶಾಶ್ವತ ಹಾನಿಯಾಗಬಹುದು. ಸೈನ್ಯವು ಈ ಲಾಭನಷ್ಟಗಳನ್ನು ತೂಗಿ ನೋಡಿ ಪ್ರತಿ ಆಯುಧಕ್ಕೂ ಬೇರೆ ಬೇರೆ ತೀರ್ಮಾನ ಮಾಡುತ್ತದೆ. ತೋಟಕ್ಕೆ ಬರುವ ಹಂದಿಯನ್ನು ಬೆದರಿಸಲು ವರ್ಷಕ್ಕೆ ಕೆಲವೇ ಸಲ ಕೋವಿ ಹಿಡಿಯುವ ಕೃಷಿಕನಿಗೆ ಈ ಲೆಕ್ಕಾಚಾರದಿಂದ ಯಾವ ಲಾಭವೂ ಇರುವುದಿಲ್ಲ.

8. ಕಾನೂನಿನಲ್ಲಿ ಇರುವ ಅವಕಾಶ ಮತ್ತು ನಿಷೇಧ

ಆಯುಧ ಅಧಿನಿಯಮ, 1959 ಮತ್ತು ಆಯುಧ ನಿಯಮಗಳು, 2016 ಈ ವಿಷಯಕ್ಕೆ ಅನ್ವಯವಾಗುತ್ತವೆ. 2019ರ ತಿದ್ದುಪಡಿಯ ಮೂಲಕ ಶಿಕ್ಷೆಯ ಪ್ರಮಾಣವನ್ನು ಹೆಚ್ಚಿಸಲಾಗಿದೆ. ಮುಖ್ಯ ಅಂಶಗಳು ಈ ಕೆಳಗಿನಂತಿವೆ.

(1) ಪ್ರಕರಣ 2(1)(ಇ)ಯಲ್ಲಿ ನೀಡಿರುವ "ಬಂದೂಕು" ಪದದ ವ್ಯಾಖ್ಯೆಯಲ್ಲಿ, ಗುಂಡು ಹಾರಿಸಿದಾಗ ಉಂಟಾಗುವ ಸದ್ದನ್ನು ಅಥವಾ ಮಿಂಚನ್ನು ತಗ್ಗಿಸಲು ರಚಿಸಿದ ಅಥವಾ ಮಾರ್ಪಡಿಸಿದ ಉಪಕರಣಗಳು ಸೇರಿವೆ. ನಿಯಮಗಳ ಮೊದಲನೆಯ ಅನುಸೂಚಿಯು ಇವುಗಳನ್ನು ಸ್ವಯಂಚಾಲಿತ ಬಂದೂಕುಗಳಿರುವ ವರ್ಗ 1ರಲ್ಲಿಯೇ ಇರಿಸಿದೆ. ಈ ವರ್ಗಕ್ಕೆ ಜಿಲ್ಲಾ ಮಟ್ಟದಲ್ಲಿ ಪರವಾನಗಿ ನೀಡಲಾಗುವುದಿಲ್ಲ.

(2) ಟ್ರಿಗರ್ ಒತ್ತಿ ಹಿಡಿದಷ್ಟು ಕಾಲ ಗುಂಡು ಹಾರಿಸುವ ಬಂದೂಕು "ನಿಷೇಧಿತ ಆಯುಧ". ಪ್ರಕರಣ 7ರ ಮೇರೆಗೆ ಕೇಂದ್ರ ಸರ್ಕಾರದ ವಿಶೇಷ ಅಧಿಕಾರ ಪತ್ರವಿಲ್ಲದೆ ಅದನ್ನು ಹೊಂದುವಂತಿಲ್ಲ. ಉಲ್ಲಂಘನೆಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಹದಿನಾಲ್ಕು ವರ್ಷದವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡವಿದೆ.

(3) ಪ್ರಕರಣ 3ರನ್ವಯ ಪರವಾನಗಿಯಿಲ್ಲದೆ ಯಾವುದೇ ಬಂದೂಕನ್ನು ಹೊಂದುವಂತಿಲ್ಲ. ಉಲ್ಲಂಘನೆಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡವಿದೆ. ಮೇಲಿನ (1)ರ ವ್ಯಾಖ್ಯೆಯ ಕಾರಣ, ಮಿಂಚು ತಗ್ಗಿಸುವ ಉಪಕರಣವನ್ನು ಮಾತ್ರ ಇಟ್ಟುಕೊಂಡವರೂ ಈ ನಿರ್ಬಂಧಕ್ಕೆ ಒಳಪಡುತ್ತಾರೆ.

(4) ಪ್ರಕರಣ 6ರನ್ವಯ ಪರವಾನಗಿಯಿಲ್ಲದೆ ನಳಿಗೆಯನ್ನು ಗಿಡ್ಡಗೊಳಿಸುವುದು, ಆಟಿಕೆ ಅಥವಾ ನಕಲಿ ಬಂದೂಕನ್ನು ನೈಜ ಬಂದೂಕಾಗಿ ಪರಿವರ್ತಿಸುವುದು, ಒಂದು ವರ್ಗದ ಬಂದೂಕನ್ನು ಬೇರೊಂದು ವರ್ಗಕ್ಕೆ ಪರಿವರ್ತಿಸುವುದು ಅಪರಾಧ. ಅರೆ-ಸ್ವಯಂಚಾಲಿತ ಆಯುಧವನ್ನು ಸ್ವಯಂಚಾಲಿತವಾಗಿ ಮಾರ್ಪಡಿಸುವುದೂ ಇದರಲ್ಲಿ ಸೇರುತ್ತದೆ. ಇದಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಆಜೀವ ಕಾರಾವಾಸದವರೆಗೆ ವಿಸ್ತರಿಸಬಹುದಾದ ಶಿಕ್ಷೆ ಮತ್ತು ದಂಡವಿದೆ.

(5) ಪ್ರಕರಣ 10ರನ್ವಯ ವಿದೇಶದಿಂದ ಆಯುಧಗಳನ್ನು ತರಲು ಪರವಾನಗಿ ಅಗತ್ಯ. ಉದ್ಯೋಗ ನಿಮಿತ್ತ ಹೊರದೇಶದಲ್ಲಿದ್ದು ಮರಳುವವರು, ಅಲ್ಲಿನ ಅಂಗಡಿಯಲ್ಲಿ ಮುಕ್ತವಾಗಿ ದೊರೆಯುವ ಉಪಕರಣವು ಇಲ್ಲಿಯೂ ಮುಕ್ತವೆಂದು ಭಾವಿಸಬಾರದು.

(6) ಜನಸಂದಣಿಯಲ್ಲಿ, ಮದುವೆ ಮುಂತಾದ ಸಮಾರಂಭಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯವೊಡ್ಡಿದರೆ, ಪ್ರಕರಣ 25(9)ರನ್ವಯ ಎರಡು ವರ್ಷದವರೆಗಿನ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

9. ಪರವಾನಗಿದಾರರು ಒದೆತವನ್ನು ತಗ್ಗಿಸಿಕೊಳ್ಳಲು ಅನುಸರಿಸಬಹುದಾದ ಕ್ರಮಗಳು

(ಅ) ಹಗುರ ತೋಟಾ: ಉದ್ದೇಶಕ್ಕೆ ಸಾಕಾಗುವಷ್ಟು ಕಡಿಮೆ ಚರೆಯ ತೋಟಾವನ್ನು ಆರಿಸುವುದು. ಅದರ ಪರಿಣಾಮವನ್ನು ಮೂರನೆಯ ಭಾಗದ ಲೆಕ್ಕದಲ್ಲಿ ತೋರಿಸಲಾಗಿದೆ.

(ಆ) ತೂಕವಿರುವ ಕೋವಿ: ಅದೇ 32 ಗ್ರಾಂ ತೋಟಾಗೆ 3.2 ಕಿಲೋಗ್ರಾಂ ಬದಲು 3.6 ಕಿಲೋಗ್ರಾಂ ತೂಕದ ಕೋವಿಯನ್ನು ಬಳಸಿದರೆ ಒದೆತದ ಶಕ್ತಿ 25.6ರಿಂದ ಸುಮಾರು 22.8 ಜೌಲ್‌ಗೆ ಇಳಿಯುತ್ತದೆ. ಖರೀದಿಗೆ ಮುನ್ನ ಕೋವಿಯನ್ನು ಹೆಗಲಿಗೇರಿಸಿ ನೋಡಿ, ದಣಿವಿಲ್ಲದೆ ಹಿಡಿಯಬಹುದಾದ ತೂಕವನ್ನು ಆರಿಸತಕ್ಕದ್ದು.

(ಇ) ಮೈಗೆ ಹೊಂದುವ ಬಟ್: ಬಟ್ ತೀರ ಉದ್ದವಾದರೆ ಅದು ತೋಳಿನ ಮೇಲೆ ಜಾರುತ್ತದೆ, ತೀರ ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಬಟ್ಟಿನ ಹಿಂಬದಿಗೆ ರಬ್ಬರಿನ ಮೆತ್ತೆಯನ್ನು ಹಾಕಿಸುವುದರಿಂದ ಪೆಟ್ಟು ಹೆಚ್ಚು ಸಮಯಕ್ಕೂ ಹೆಚ್ಚು ಜಾಗಕ್ಕೂ ಹರಡುತ್ತದೆ. ಹಳೆಯದಾಗಿ ಗಟ್ಟಿಯಾದ ರಬ್ಬರು ಪ್ರಯೋಜನಕ್ಕೆ ಬಾರದು, ಅದನ್ನು ಬದಲಾಯಿಸತಕ್ಕದ್ದು. ಇಂತಹ ಕೆಲಸವನ್ನು ಪ್ರಕರಣ 5ರನ್ವಯ ಪರವಾನಗಿ ಪಡೆದ ಆಯುಧ ವ್ಯಾಪಾರಿ ಅಥವಾ ದುರಸ್ತಿಗಾರರಲ್ಲಿ ಮಾತ್ರ ಮಾಡಿಸತಕ್ಕದ್ದು.

(ಈ) ನಿಲುವು: ಬಟ್ ಅನ್ನು ಹೆಗಲಿನ ಗುಳಿಗೆ ಬಿಗಿಯಾಗಿ ಒತ್ತಿ, ದೇಹವನ್ನು ತುಸು ಮುಂದಕ್ಕೆ ಬಾಗಿಸಿ ನಿಲ್ಲುವುದು. ಕೋವಿ ಮತ್ತು ಹೆಗಲಿನ ನಡುವೆ ಸಂದು ಬಿಟ್ಟರೆ ಕೋವಿಯು ವೇಗ ಪಡೆದು ಬಡಿಯುತ್ತದೆ.

(ಉ) ಕಿವಿಯ ರಕ್ಷಣೆ: ಅಭ್ಯಾಸದ ವೇಳೆ ಕಿವಿಗೆ ರಕ್ಷಣೆ ಧರಿಸುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು. ಒದೆತವೆಂದು ಅನೇಕರು ಭಾವಿಸುವ ಅಂಜಿಕೆಯ ಒಂದು ಪಾಲು ಸದ್ದಿನಿಂದ ಬಂದದ್ದಾಗಿರುತ್ತದೆ.

ಕೇಪಿನ ಕೋವಿಯನ್ನು ಬಳಸುವವರು ಮದ್ದನ್ನು ಅಳತೆ ಮಾಡದೆ ತುಂಬಬಾರದು. ಮದ್ದು ಹೆಚ್ಚಾದರೆ ಒದೆತ ಮತ್ತು ಮಿಂಚು ಹೆಚ್ಚುವುದಲ್ಲದೆ ನಳಿಗೆಯೇ ಸಿಡಿಯುವ ಅಪಾಯವಿದೆ. ಕರಿಮದ್ದಿನ ಕಿಡಿಗಳು ಬೇಸಿಗೆಯಲ್ಲಿ ಒಣ ತರಗೆಲೆ ಮತ್ತು ಹುಲ್ಲಿಗೆ ತಾಗಿ ಬೆಂಕಿ ಹೊತ್ತಬಹುದಾದ್ದರಿಂದ ಬಣವೆ ಮತ್ತು ಕಾಡಂಚಿನ ಬಳಿ ವಿಶೇಷ ಎಚ್ಚರಿಕೆ ಅಗತ್ಯ.

10. ಪರವಾನಗಿಗೆ ಅರ್ಜಿ ಸಲ್ಲಿಸುವ ಬಗೆ

ಅರ್ಜಿದಾರರಿಗೆ 21 ವರ್ಷ ತುಂಬಿರತಕ್ಕದ್ದು. ಅರ್ಜಿಯನ್ನು ನಮೂನೆ ಎ-1ರಲ್ಲಿ ಪರವಾನಗಿ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳು, ಪೊಲೀಸ್ ಕಮಿಷನರ್ ಇರುವ ನಗರಗಳಲ್ಲಿ ಕಮಿಷನರ್ ಅವರು ಪರವಾನಗಿ ಪ್ರಾಧಿಕಾರಿಯಾಗಿರುತ್ತಾರೆ. ಆಯುಧಗಳ ಸುರಕ್ಷಿತ ಬಳಕೆಯ ತರಬೇತಿ ಪ್ರಮಾಣಪತ್ರ ಮತ್ತು ವೈದ್ಯಕೀಯ ಪ್ರಮಾಣಪತ್ರ ಅಗತ್ಯ. ಮೇಲೆ ವಿವರಿಸಿದ ನಿಲುವು, ಹಿಡಿತ ಮತ್ತು ಎಚ್ಚರಿಕೆಗಳನ್ನು ತರಬೇತಿಯ ಸಮಯದಲ್ಲಿ ಬೋಧಕರಿಂದ ಕೇಳಿ ತಿಳಿದುಕೊಳ್ಳುವುದು ಸೂಕ್ತ.

ಪ್ರಾಧಿಕಾರವು ಪೊಲೀಸ್ ವರದಿ ಪಡೆದು, ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತದೆ. ರಕ್ಷಣೆ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯ ನಳಿಗೆಯ ಕೋವಿಗೆ ಮತ್ತು ನೈಜ ಬೆಳೆ ರಕ್ಷಣೆಗಾಗಿ ಕೇಪಿನ ಕೋವಿಗೆ ಪರವಾನಗಿ ನೀಡುವ ಕುರಿತು ಪ್ರಕರಣ 13ರಲ್ಲಿ ಅವಕಾಶವಿದೆ. ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕಾಗಿರುತ್ತದೆ. ಪ್ರಕರಣ 18ರನ್ವಯ ಮೇಲ್ಮನವಿ ಸಲ್ಲಿಸಬಹುದು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಮತ್ತು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಸಾಮಾನ್ಯವಾಗಿ ಎರಡು.

ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ವನ್ಯಜೀವಿ ಧಾಮದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಮತ್ತು ವಿನಾಯಿತಿ ಪಡೆದವರು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 34ರನ್ವಯ ತಮ್ಮ ಹೆಸರು ನೋಂದಾಯಿಸಿಕೊಳ್ಳಲು ಅರ್ಜಿ ಸಲ್ಲಿಸತಕ್ಕದ್ದು. ಬಂದೂಕಿನ ಪರವಾನಗಿಯು ಬೇಟೆಯ ಅನುಮತಿಯಲ್ಲ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಟ್ಟಿಗೆ ರಬ್ಬರಿನ ಮೆತ್ತೆ ಹಾಕಿಸುವುದು ಅಪರಾಧವೇ?
ಉತ್ತರ: ಅಲ್ಲ. ಅದು ಸದ್ದನ್ನಾಗಲಿ ಮಿಂಚನ್ನಾಗಲಿ ತಗ್ಗಿಸುವುದಿಲ್ಲ; ನಳಿಗೆಯನ್ನೂ ಬದಲಾಯಿಸುವುದಿಲ್ಲ.

ಪ್ರಶ್ನೆ: ಬ್ರೇಕು ಎಂದು ಮಾರುವ ಉಪಕರಣವು ಒದೆತವನ್ನು ಮಾತ್ರ ತಗ್ಗಿಸುತ್ತದೆಂದು ಮಾರಾಟಗಾರರು ಹೇಳುತ್ತಾರೆ. ಅದನ್ನು ಖರೀದಿಸಬಹುದೇ?
ಉತ್ತರ: ಇಂತಹ ಅನೇಕ ಉಪಕರಣಗಳು ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತವೆ. ಮಿಂಚು ಅಥವಾ ಸದ್ದನ್ನು ತಗ್ಗಿಸುವಂತೆ ರಚಿಸಿದ್ದಾದರೆ ಅದು ಕಾನೂನಿನ ವ್ಯಾಖ್ಯೆಯೊಳಗೆ ಬರುತ್ತದೆ. ಮಾರಾಟಗಾರರ ಮಾತು ರಕ್ಷಣೆಯಾಗಲಾರದು. ಖರೀದಿಗೆ ಮುನ್ನ ಪರವಾನಗಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸತಕ್ಕದ್ದು.

ಪ್ರಶ್ನೆ: ಉದ್ದವಾದ ನಳಿಗೆ ತೋಟದಲ್ಲಿ ಓಡಾಡಲು ಅಡಚಣೆಯಾಗುತ್ತದೆ. ಸ್ವಲ್ಪ ಕತ್ತರಿಸಬಹುದೇ?
ಉತ್ತರ: ಕತ್ತರಿಸುವಂತಿಲ್ಲ. ಅದು ಪ್ರಕರಣ 6ರ ಉಲ್ಲಂಘನೆ. ಗಿಡ್ಡ ನಳಿಗೆಯ ಕೋವಿಯಲ್ಲಿ ಒದೆತ, ಸದ್ದು, ಮಿಂಚು ಮೂರೂ ಹೆಚ್ಚುತ್ತವೆ.

ಪ್ರಶ್ನೆ: ತಂದೆಯವರ ಕಾಲದ ಕೋವಿಯೊಂದಿಗೆ ನಳಿಗೆಗೆ ಜೋಡಿಸುವ ಅಪರಿಚಿತ ಭಾಗವೊಂದು ದೊರೆತಿದೆ. ಏನು ಮಾಡಬೇಕು?
ಉತ್ತರ: ಅದನ್ನು ಬಳಸದೆ, ಮಾರದೆ, ಬೇರೆಯವರಿಗೆ ಕೊಡದೆ ಸಮೀಪದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಒಪ್ಪಿಸಿ, ಸ್ವೀಕೃತಿ ಪಡೆಯತಕ್ಕದ್ದು. ಕೋವಿಯ ವಾರಸುದಾರಿಕೆಯ ಬಗ್ಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು.

12. ಸಾರ್ವಜನಿಕರ ಗಮನಕ್ಕೆ

ಸ್ವಯಂಚಾಲಿತ ಆಯುಧದ ಒದೆತ ಮತ್ತು ಮಿಂಚನ್ನು ತಗ್ಗಿಸುವುದು ಸೈನ್ಯದ ಅಗತ್ಯ. ಅದರ ಸಾಧನಗಳನ್ನು ಕಾನೂನು ಆಯುಧಗಳ ಸಾಲಿನಲ್ಲಿಯೇ ಇರಿಸಿದೆ. ನಾಗರಿಕರ ಕೋವಿಗೆ ಬೇಕಾದುದು ಸರಿಯಾದ ತೂಕ, ಹಗುರ ತೋಟಾ, ಮೈಗೆ ಹೊಂದುವ ಬಟ್ ಮತ್ತು ಸರಿಯಾದ ಅಭ್ಯಾಸ. ಇವುಗಳಲ್ಲಿ ಯಾವುದಕ್ಕೂ ನಳಿಗೆಯ ಬಾಯಿಯನ್ನು ಮುಟ್ಟುವ ಅಗತ್ಯವಿರುವುದಿಲ್ಲ.

ಈ ಪುಟದಲ್ಲಿ ನೀಡಿರುವುದು ಸಾಮಾನ್ಯ ಮಾಹಿತಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ ಮತ್ತು ನಿಯಮಗಳ ಅಧಿಕೃತ ಪಠ್ಯವೇ ಅಂತಿಮವಾಗಿರುತ್ತದೆ. ಹೆಚ್ಚಿನ ವಿವರಗಳಿಗಾಗಿ ತಮ್ಮ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯನ್ನು ಅಥವಾ ಪೊಲೀಸ್ ಕಮಿಷನರ್ ಅವರ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸುವುದು.